ಎಸರು, ಹಂಚು, ಒಣಗಾಳಿ

ರೊಟ್ಟಿಯ ರಸಾಯನವನ್ನು ವಿವರಿಸಹೊರಟ ಗ್ರಂಥಗಳು ಬಹುಮಟ್ಟಿಗೆ ಗೋದಿಯಿಂದಲೇ ಆರಂಭವಾಗಿ, ಹುದುಗು ಬಂದ ಕಣಕ, ಇಟ್ಟಿಗೆಯ ಭಟ್ಟಿ, ಕ್ರಿಸ್‌ಮಸ್ಸಿನ ಹಿಮ ಇವುಗಳ ನಡುವೆಯೇ ಸುತ್ತಾಡಿ ಮುಗಿದುಹೋಗುವುದರಿಂದ, ಚಳಿಗಾಲದ ಹಬ್ಬಕ್ಕಾಗಿ ಮನೆಮಂದಿಯೆಲ್ಲ ಬೆಂಕಿಯ ಮುಂದೆ ಕೂಡಿ ಕುಳಿತು ಹಿಟ್ಟನ್ನು ಬೇಯಿಸುವ ಸಂಪ್ರದಾಯವು ಯುರೋಪಿನವರದೇ ಸೊತ್ತೆಂಬ ಭಾವನೆ ವಿದ್ಯಾವಂತರಲ್ಲಿಯೂ ನೆಲೆಸಿಬಿಟ್ಟಿದೆ. ಈ ಅಧ್ಯಾಯದಲ್ಲಿ ನಾವು ಆ ರಾಜಮಾರ್ಗವನ್ನು ಬಿಟ್ಟು, ಗದಗ ಜಿಲ್ಲೆಯ ಮುಂಡರಗಿ ತಾಲ್ಲೂಕಿನ ಹಿರೇವಡ್ಡಟ್ಟಿಯ ದಾರಿಯನ್ನು ಹಿಡಿಯೋಣ. ಅಲ್ಲಿ ಭಟ್ಟಿಯಿಲ್ಲ, ಹುದುಗಿಲ್ಲ, ಹಿಮವಂತೂ ಇಲ್ಲವೇ ಇಲ್ಲ. ಆದರೆ ಎಳ್ಳಮಾವಾಸ್ಯೆ ಸಮೀಪಿಸಿತೆಂದರೆ ಒಲೆ ಹೂಡಿ, ಅತ್ತೆ ಸೊಸೆ, ನೆಗೆಣ್ಣಿಯರು, ತವರಿಗೆ ಬಂದ ಹೆಣ್ಣುಮಕ್ಕಳು ಸರದಿಯ ಮೇಲೆ ಕುಳಿತು ಬುಟ್ಟಿಗಟ್ಟಲೆ ರೊಟ್ಟಿ ಬಡಿಯುವ ಕೆಲಸವು ಸಂಕ್ರಮಣ ಕಳೆಯುವವರೆಗೂ ಬಿಟ್ಟುಬಿಟ್ಟು ನಡೆದೇ ಇರುತ್ತದೆ. ಈ ಕೆಲಸದ ಆದ್ಯಂತವೂ ಗೃಹಿಣಿಯು ಸೆಣಸುವುದು ಒಂದೇ ಪದಾರ್ಥದೊಡನೆ: ನೀರು. ಮೊದಲು ಅದನ್ನು ಒಲ್ಲೆನೆನ್ನುವ ಹಿಟ್ಟಿನೊಳಕ್ಕೆ ಬಲವಂತವಾಗಿ ಹೊಗಿಸಬೇಕು. ಆಮೇಲೆ ಅದನ್ನೇ ಲೆಕ್ಕವಿಟ್ಟು ಹೊರಡಿಸಬೇಕು. ಬೆಂಕಿಯು ಈ ವ್ಯವಹಾರದಲ್ಲಿ ಆಳೇ ಹೊರತು ಒಡೆಯನಲ್ಲ.

ನೀರಿನ ಕಥೆ ಅಡುಗೆಮನೆಗಿಂತ ಮೊದಲು ಹೊಲದಲ್ಲಿಯೇ ಆರಂಭವಾಗುತ್ತದೆ. ಒಂದು ಕಡೆ ಕಪ್ಪತಗುಡ್ಡದ ಸಾಲು, ಇನ್ನೊಂದು ಕಡೆ ತುಂಗಭದ್ರೆಯ ದಂಡೆ, ಇವುಗಳ ನಡುವೆ ಹಬ್ಬಿದ ಈ ಸೀಮೆಯಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 600 ಮಿಲಿಮೀಟರು ಮಾತ್ರ. ಮಸಾರಿ ನೆಲದ ಮೇಲೆ ಬಿದ್ದ ಮಳೆ ಹರಿದೋ ಇಂಗಿಯೋ ಹೋಗುತ್ತದೆ. ಎರೆಭೂಮಿಯಾದರೋ, ತನ್ನ ಜೇಡಿಯ ಕಣಗಳ ಅತಿಸೂಕ್ಷ್ಮವಾದ ಪದರ ಪದರಗಳ ನಡುವೆ ನೀರನ್ನು ಸೆಳೆದುಕೊಂಡು ಉಬ್ಬಿ, ಮಳೆಗಾಲ ತಿರುಗಿದ ಮೇಲೆ ತಿಂಗಳುಗಟ್ಟಲೆ ಅದನ್ನು ಬೇರಿಗೆ ಇಷ್ಟಿಷ್ಟೇ ಒದಗಿಸುತ್ತದೆ. ಸೆಪ್ಟೆಂಬರ್–ಅಕ್ಟೋಬರಿನಲ್ಲಿ ಬಿತ್ತಿದ ಹಿಂಗಾರಿ ಬಿಳಿಜೋಳವು ಒಂದೆರಡು ಮಳೆಯನ್ನಷ್ಟೇ ಕಂಡು, ಉಳಿದ ಆಯುಷ್ಯವನ್ನೆಲ್ಲ ಈ ಕೂಡಿಟ್ಟ ತೇವದ ಮೇಲೆಯೇ ಕಳೆದು, ಮಾರ್ಗಶಿರದ ಅಮಾವಾಸ್ಯೆಯ ಹೊತ್ತಿಗೆ ಆಳೆತ್ತರ ನಿಂತು ತೆನೆ ಹಾಯುತ್ತದೆ. ಆ ದಿನ ಚಕ್ಕಡಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಐದು ಕಲ್ಲುಗಳನ್ನು ಪಾಂಡವರೆಂದು ಇಟ್ಟು ಪೂಜಿಸಿ, ಮನೆಯಿಂದ ಹೊತ್ತೊಯ್ದ ಅಡುಗೆಯನ್ನು ಬೆಳೆಯ ನಡುವೆ ಎರಚಿ ಚರಗ ಚೆಲ್ಲುವುದು, ಆಮೇಲೆ ಬಂಧುಬಳಗ ಆಳುಕಾಳುಗಳೊಡನೆ ಗಿಡದ ನೆರಳಿನಲ್ಲಿ ಉಣ್ಣುವುದು ಈ ಭಾಗದ ರೈತಾಪಿ ಮನೆಗಳ ನಡೆವಳಿಕೆ. ಬೆಳೆಯಿನ್ನೂ ಹಾಲುಗಾಳಿನಲ್ಲಿರುವಾಗ ನಡೆಯತಕ್ಕ ಹಬ್ಬ ಇದಾದ್ದರಿಂದ, ಬುಟ್ಟಿಯಲ್ಲಿ ಹೋಗುವ ರೊಟ್ಟಿ ಹೋದ ವರ್ಷದ ಜೋಳದ್ದು. ಹೊಸ ಜೋಳವು ಹಗೇವನ್ನು ಕಾಣುವುದು ಇನ್ನೂ ಎರಡು ತಿಂಗಳ ಮೇಲೆ.

ಎಳ್ಳಮಾವಾಸ್ಯೆ ಚಂದ್ರನ ಲೆಕ್ಕದ್ದು, ಸಂಕ್ರಮಣ ಸೂರ್ಯನ ಲೆಕ್ಕದ್ದು; ಆದಕಾರಣ ಇವೆರಡರ ನಡುವಣ ಅಂತರ ವರ್ಷದಿಂದ ವರ್ಷಕ್ಕೆ ಬೇರೆಯಾಗುತ್ತದೆ. ಸೂರ್ಯನು ಆಕಾಶದಲ್ಲಿ ಉತ್ತರಾಭಿಮುಖನಾಗುವುದು ಡಿಸೆಂಬರ್ 21 ಅಥವಾ 22ಕ್ಕೆ. ನಾವು ಹಬ್ಬ ಮಾಡುವುದು ಜನವರಿ 14 ಅಥವಾ 15ಕ್ಕೆ. ಭೂಮಿಯ ಅಕ್ಷವು ನಿಧಾನವಾಗಿ ತಿರುಗುತ್ತಿರುವುದರಿಂದ, ನಕ್ಷತ್ರಗಳನ್ನು ನೆಚ್ಚಿದ ಪಂಚಾಂಗವು ಋತುಗಳಿಂದ ಸುಮಾರು 72 ವರ್ಷಕ್ಕೆ ಒಂದು ದಿನದಂತೆ ಹಿಂದೆ ಬೀಳುತ್ತ ಬಂದು, ಇಂದಿಗೆ ಮೂರು ವಾರಕ್ಕೂ ಮಿಕ್ಕಿದ ವ್ಯತ್ಯಾಸ ಬೆಳೆದಿದೆ. ಜ್ಯೋತಿಷಿಗಳು ಇದರ ಬಗ್ಗೆ ಜಗಳವಾಡಿಕೊಳ್ಳಲಿ. ಅಡುಗೆಯ ದೃಷ್ಟಿಯಿಂದ ಇದೊಂದು ಉಪಕಾರವೇ ಆಗಿದೆ, ಏಕೆಂದರೆ ಈ ಮೂರು ವಾರಗಳಲ್ಲಿ ಗಾಳಿ ಇನ್ನಷ್ಟು ಒಣಗುತ್ತದೆ. ಅದರ ಮಹತ್ತ್ವ ಮುಂದೆ ತಿಳಿದುಬರುವುದು.

ಈಗ ಹಿಟ್ಟಿಗೆ ಬರೋಣ. 1728ರಲ್ಲಿ ಇಟಲಿಯ ಬೊಲೊನ್ಯಾ ನಗರದ ವಿದ್ವಾಂಸನಾದ ಬೆಕ್ಕಾರಿ ಎಂಬಾತನು ಗೋದಿಯ ಕಣಕವನ್ನು ನೀರಿನಲ್ಲಿ ತೊಳೆತೊಳೆದು ಪಿಷ್ಟವನ್ನೆಲ್ಲ ಹರಿಯಬಿಟ್ಟು, ಕೈಯಲ್ಲುಳಿದ, ಎಳೆದರೆ ಹಿಗ್ಗುವ ಅಂಟುಮುದ್ದೆಯನ್ನು ಪರೀಕ್ಷಿಸಿದನು. ಗ್ಲೂಟೆನ್ ಎಂದು ನಾವಿಂದು ಕರೆಯುವ ಪ್ರೋಟೀನು ಅದೇ. ಚಪಾತಿಯನ್ನು ಲಟ್ಟಿಸಿದಷ್ಟೂ ಹರಿಯದೆ ಹರಡುವುದು, ಪಾವಿನ ರೊಟ್ಟಿ ಉಬ್ಬಿ ನಿಲ್ಲುವುದು, ಎಲ್ಲಕ್ಕೂ ಆ ಪ್ರೋಟೀನಿನ ಬಲೆಯೇ ಕಾರಣ. ಜೋಳದಲ್ಲಿಯೂ ಪ್ರೋಟೀನು ಉಂಟು, ಪ್ರಮಾಣದಲ್ಲಿ ಗೋದಿಗಿಂತ ಬಹಳ ಕಡಮೆಯೇನೂ ಅಲ್ಲ. ಆದರೆ ಕಾಫಿರಿನ್ ಎಂಬ ಹೆಸರಿನ ಆ ಪ್ರೋಟೀನು ನೀರನ್ನು ಕಂಡರೆ ಮುಖ ತಿರುಗಿಸುವ ಜಾತಿಯದು. ಕಾಳಿನೊಳಗೆ ಸೂಕ್ಷ್ಮವಾದ ಗುಂಡುಗಳಾಗಿ ಮುಚ್ಚಿಕೊಂಡು ಕುಳಿತಿರುವ ಅದು ಎಷ್ಟು ನಾದಿದರೂ ಬಲೆಯಾಗಿ ಹೆಣೆದುಕೊಳ್ಳುವುದಿಲ್ಲ. ತಣ್ಣೀರಿನಲ್ಲಿ ಕಲಸಿದ ಜೋಳದ ಹಿಟ್ಟನ್ನು ಬಡಿಯಹೋದರೆ ಅಂಚು ಸೀಳಿ, ನಡುವೆ ಬಿರಿದು, ಎತ್ತುವಾಗ ಮುರಿದುಬೀಳುತ್ತದೆ. ಹಾಗಾದರೆ ಬಟ್ಟಲಗಲದ, ಕಾಗದದಷ್ಟು ತೆಳ್ಳಗಿನ ರೊಟ್ಟಿ ಒಡೆಯದೆ ಅಂಗೈ ಮೇಲೆ ಬರುವುದಾದರೂ ಹೇಗೆ?

ಪ್ರೋಟೀನಿನ ಕೈಲಾಗದ ಕೆಲಸವನ್ನು ಪಿಷ್ಟದ ಕೈಲಿ ಮಾಡಿಸಿಕೊಳ್ಳುವುದೇ ಇದಕ್ಕೆ ಉಪಾಯ. ಪಿಷ್ಟದ ಕಣಗಳು ತಣ್ಣೀರಿನಲ್ಲಿ ಕರಗುವುದಿಲ್ಲ, ಸುಮ್ಮನೆ ನೆನೆದು ತಳದಲ್ಲಿ ಕೂರುತ್ತವೆ. ಆದರೆ ಒಂದು ನಿರ್ದಿಷ್ಟ ಉಷ್ಣತೆಯನ್ನು ದಾಟಿದೊಡನೆ ಅವುಗಳೊಳಗಿನ ಸ್ಫಟಿಕದ ವ್ಯವಸ್ಥೆ ಸಡಲಿ, ನೀರು ಒಳನುಗ್ಗಿ, ಕಣವು ತನ್ನ ಗಾತ್ರದ ಅನೇಕ ಪಾಲು ಉಬ್ಬಿ, ಅಮೈಲೋಸ್ ಎಂಬ ಉದ್ದನೆಯ ಎಳೆಗಳನ್ನು ಹೊರಚೆಲ್ಲುತ್ತದೆ. ಆ ಎಳೆಗಳೇ ಅಂಟು. ಗೋದಿಯ ಪಿಷ್ಟಕ್ಕೆ ಈ ಮಾರ್ಪಾಟು 60 ಡಿಗ್ರಿಯ ಆಸುಪಾಸಿನಲ್ಲಿ ಆಗಿಹೋದರೆ, ಜೋಳದ ಪಿಷ್ಟವು ಹಟಮಾರಿ: ಅದಕ್ಕೆ ಸುಮಾರು 68ರಿಂದ 78 ಡಿಗ್ರಿ ಸೆಲ್ಸಿಯಸ್ ಬೇಕು. ಹಿರೇವಡ್ಡಟ್ಟಿಯ ಸೀಮೆಯಲ್ಲಿ, ಸಮುದ್ರಮಟ್ಟದಿಂದ ಐದಾರು ನೂರು ಮೀಟರು ಎತ್ತರದಲ್ಲಿ, ನೀರು ಕುದಿಯುವುದು 98 ಡಿಗ್ರಿಯ ಸಮೀಪದಲ್ಲಿ. ಹಿಟ್ಟಿನಷ್ಟೇ ತೂಕದ ಎಸರನ್ನು ಹಿಟ್ಟಿನ ಗುಂಡಿಗೆ ಹೊಯ್ದೆವೆಂದು ಭಾವಿಸಿ ಒಂದು ಸಣ್ಣ ಲೆಕ್ಕವನ್ನು ಮಾಡೋಣ. ಒಣಹಿಟ್ಟಿನ ಉಷ್ಣಧಾರಣಶಕ್ತಿ ನೀರಿನದರ ಐದರಲ್ಲಿ ಎರಡು ಪಾಲಿನಷ್ಟು. ಚಳಿಗಾಲದ ಮುಂಜಾನೆ ಹಿಟ್ಟು 20 ಡಿಗ್ರಿಯಲ್ಲಿದ್ದರೆ, ಕೊತಕೊತ ಕುದಿಯುವ ಎಸರು ಅದರೊಡನೆ ಬೆರೆತಾಗ ಒಟ್ಟು ಮುದ್ದೆ 75 ಡಿಗ್ರಿಯ ಸಮೀಪ ನಿಲ್ಲುತ್ತದೆ, ಎಂದರೆ ಪಿಷ್ಟ ಬಿಚ್ಚಿಕೊಳ್ಳುವ ಸೀಮೆಯ ನಟ್ಟನಡುವೆ. ಅದೇ ಎಸರು 80 ಡಿಗ್ರಿಗೆ ಆರಿದ್ದರೆ ಮುದ್ದೆಯ ಉಷ್ಣತೆ 63 ಡಿಗ್ರಿಯನ್ನೂ ಮುಟ್ಟದು. ಪಿಷ್ಟದ ಕಣಗಳು ಕದ ತೆರೆಯುವುದೇ ಇಲ್ಲ. ಪಾತ್ರೆಗೂ ಗಾಳಿಗೂ ಸೋರಿಹೋಗುವ ಶಾಖವನ್ನು ಇದರಲ್ಲಿ ಕಳೆದರೆ ಉಳಿಯುವ ಅವಕಾಶ ಇನ್ನೂ ಇಕ್ಕಟ್ಟಾದುದು. ಒಲೆಯ ಮುಂದೆ ಕುಳಿತ ಅತ್ತೆಯು ಸೊಸೆಗೆ, “ಎಸರು ಇನ್ನೂ ಕುದ್ದಿಲ್ಲವ್ವಾ, ತಡಿ, ಹಿಂಗ ಹಾಕಿದ್ರ ಹಿಟ್ಟಿಗೆ ಜಿಗಿ ಬರಂಗಿಲ್ಲ” ಎಂದು ಗದರಿಸುವಾಗ ಆಕೆಯ ಮಾತಿನಲ್ಲಿ ಅಡಗಿರುವ ಉಷ್ಣಮಾಪನ ಇಷ್ಟು ಸೂಕ್ಷ್ಮವಾದುದು. ಉಷ್ಣತಾಮಾಪಕವಿಲ್ಲದವರಿಗೆ ಕುದಿಯೊಂದೇ ನಂಬತಕ್ಕ ಗುರುತು, ಏಕೆಂದರೆ ನೀರಿನ ಉಷ್ಣತೆ ತಾನಾಗಿ ಬಂದು ಸ್ಥಿರವಾಗಿ ನಿಲ್ಲುವ ಜಾಗ ಅದೊಂದೇ.

ಎಲ್ಲ ಪಿಷ್ಟವೂ ಅರಳಬೇಕೆಂದಿಲ್ಲ, ಅರಳಬಾರದು ಕೂಡ. ಪೂರಾ ಅರಳಿದರೆ ದೊರೆಯುವುದು ಮುದ್ದೆ, ರೊಟ್ಟಿಯ ಹಿಟ್ಟಲ್ಲ. ಎಸರು ತಾಗಿದ ಒಂದು ಪಾಲು ಅಂಟಾಗಿ, ಮಿಕ್ಕ ಹಸಿ ಹಿಟ್ಟಿನ ಕಣಗಳನ್ನು ಹಿಡಿದಿಡಬೇಕು. ಅಂಗೈಯ ಹಿಮ್ಮಡಿಯಿಂದ ಒತ್ತಿ ಒತ್ತಿ ನಾದುವುದರ ಪ್ರಯೋಜನವೂ ಇದೇ: ಗೋದಿಯನ್ನು ನಾದುವುದು ಬಲೆ ಹೆಣೆಯುವುದಕ್ಕಾಗಿ, ಜೋಳವನ್ನು ನಾದುವುದು ಅಂಟನ್ನು ಎಲ್ಲೆಡೆಗೂ ಸಮನಾಗಿ ಸವರುವುದಕ್ಕಾಗಿ. ಆದ್ದರಿಂದಲೇ ಗೋದಿಯ ಕಣಕ ನೆನೆದಷ್ಟೂ ಮೇಲು, ಜೋಳದ ಹಿಟ್ಟು ನಾದಿದ ತಕ್ಷಣ ಹಲಗೆ ಏರಬೇಕು. ತಣ್ಣಗಾಗುತ್ತ ಬಂದರೆ ಆ ಎಳೆಗಳು ಮತ್ತೆ ತಮ್ಮತಮ್ಮಲ್ಲಿಯೇ ಕೂಡಿಕೊಂಡು ಬಿರುಸಾಗುತ್ತವೆ. ಬಡಿಯುವಾಗ ಕೆಳಗೆ ಒಣಹಿಟ್ಟನ್ನು ಉದುರಿಸಿ, ಒಂದು ಕೈಯಿಂದ ಅಂಚನ್ನು ಕಾಯುತ್ತ ಇನ್ನೊಂದು ಕೈಯಿಂದ ತಟ್ಟುತ್ತ, ರೊಟ್ಟಿಯನ್ನು ತಾನಾಗಿ ಸುತ್ತುವಂತೆ ಮಾಡುವ ಆ ಹಸ್ತಕೌಶಲವನ್ನು ಕಾಗದದ ಮೇಲೆ ವಿವರಿಸುವುದು ನನ್ನಿಂದಾಗದ ಮಾತು. ಬಡಿತದ ಸಪ್ಪಳ ಓಣಿಯ ಈ ಕೊನೆಯಿಂದ ಆ ಕೊನೆಗೆ ಕೇಳಿಸುತ್ತದೆ. ಯಾರ ಮನೆಯಲ್ಲಿ ಎಷ್ಟು ಮಂದಿ ಬಡಿಯುತ್ತಿದ್ದಾರೆಂಬುದನ್ನು ಹೊರಗಿನಿಂದಲೇ ಹೇಳುವವರುಂಟು.

ಹಂಚಿನ ಮೇಲೆ ಬಿದ್ದ ಕೂಡಲೇ ರೊಟ್ಟಿಯ ಮೇಲ್ಮುಖಕ್ಕೆ ಒದ್ದೆಯ ಅರಿವೆಯಿಂದ ನೀರು ಸವರುತ್ತಾರೆ. ಹೊಸಬರಿಗೆ ಇದು ವಿಚಿತ್ರವಾಗಿ ಕಾಣಬಹುದು: ಬೇಯಿಸಿ ಒಣಗಿಸಬೇಕಾದುದಕ್ಕೆ ನೀರೇಕೆ? ಹಲಗೆಯ ಮೇಲೆ ಕೆಳಗಿದ್ದ ಮುಖ ಹಂಚಿನ ಮೇಲೆ ಮೇಲಾಗಿರುತ್ತದೆ. ಅದಕ್ಕೆ ಬಡಿಯುವಾಗಿನ ಒಣಹಿಟ್ಟು ಮೆತ್ತಿಕೊಂಡಿರುತ್ತದೆ. ಒಣಹಿಟ್ಟಿಗೆ ಎಷ್ಟೇ ಶಾಖ ಕೊಟ್ಟರೂ ನೀರಿಲ್ಲದೆ ಪಿಷ್ಟ ಅರಳದು. ಅದು ಹಾಗೆಯೇ ಹೊತ್ತಿ, ಪುಡಿಯಾಗಿ ಉದುರೀತು. ಸವರಿದ ನೀರು ಆ ಪುಡಿಯನ್ನು ನೆನೆಸಿ, ರೊಟ್ಟಿ ಮಗುಚಿ ಬಿದ್ದಾಗ ಅಲ್ಲೊಂದು ಅಖಂಡವಾದ ಅಂಟಿನ ಪೊರೆ ಕಟ್ಟುವಂತೆ ಮಾಡುತ್ತದೆ. ಜೊತೆಗೆ ತಾನು ಆವಿಯಾಗುತ್ತ ಮೇಲ್ಮುಖವನ್ನು ತಂಪಾಗಿರಿಸಿ, ಕಾಲಕ್ಕೆ ಮೊದಲೇ ಬಿರಿಯದಂತೆ ಕಾಯುತ್ತದೆ. ಮಗುಚುವ ಹೊತ್ತೇ ಇಲ್ಲಿ ಮರ್ಮ. “ನೀರ ಆರೂದ್ರಾಗ ಹೊಳ್ಳಿ ಹಾಕು” ಎಂಬುದು ಹಿರಿಯರ ಸೂತ್ರ. ತೇವದ ಹೊಳಪು ಮಾಯವಾಗಬೇಕು, ಬಿಳಿಚಿಕೊಳ್ಳಬಾರದು. ಆ ನಡುವಣ ಕೆಲವು ಕ್ಷಣಗಳನ್ನು ಕಳೆದುಕೊಂಡರೆ ಪೊರೆಯಲ್ಲಿ ಕೂದಲೆಳೆಯಂಥ ಬಿರುಕು ಮೂಡಿಬಿಡುತ್ತದೆ.

ಬಿರುಕಿಲ್ಲದ ರೊಟ್ಟಿ ಮಾತ್ರ ಉಬ್ಬೀತು. ಎರಡೂ ಮುಖಗಳಲ್ಲಿ ಪೊರೆ ಕಟ್ಟಿದ ಮೇಲೆ ಅದನ್ನು ಹಂಚಿನಿಂದೆಳೆದು ಕೆಂಡಕ್ಕೆ ಒಡ್ಡಿದಾಗ, ಒಳಗೆ ಸೆರೆಸಿಕ್ಕ ನೀರು ಒಮ್ಮೆಗೇ ಬಾಷ್ಪವಾಗುತ್ತದೆ. ಒಂದು ಗ್ರಾಂ ನೀರು ಬಾಷ್ಪವಾದರೆ ಒಂದೂವರೆ ಲೀಟರಿಗೂ ಮಿಕ್ಕಿದ ಜಾಗವನ್ನು ಬೇಡುತ್ತದೆಯೆಂಬುದನ್ನು ನೆನೆದರೆ, ಹುದುಗಿನ ಹಂಗಿಲ್ಲದೆ, ಗ್ಲೂಟೆನ್ನಿನ ನೆರವಿಲ್ಲದೆ, ಕಣ್ಣೆದುರಿಗೇ ರೊಟ್ಟಿಯು ಇಬ್ಭಾಗವಾಗಿ ಮೇಲೇಳುವುದು ಸೋಜಿಗವೆನಿಸದು. ಯುರೋಪಿನ ಕಣಕದಲ್ಲಿ ಗಂಟೆಗಳ ಕಾಲ ಸೂಕ್ಷ್ಮಜೀವಿಗಳು ಮಾಡುವ ಉಬ್ಬಿಸುವ ಕೆಲಸವನ್ನು ಇಲ್ಲಿ ಬಾಷ್ಪವು ಹತ್ತೆಣಿಸುವುದರೊಳಗೆ ಮುಗಿಸುತ್ತದೆ. ಈ ಉಬ್ಬಿನಿಂದ ಇನ್ನೊಂದು ಲಾಭವುಂಟು: ಒಳಗಿನಿಂದ ಬಾಷ್ಪವೇ ಎರಡೂ ಹೊದಿಕೆಗಳನ್ನು ಬೇಯಿಸುತ್ತದೆ.

ಬಾಷ್ಪವಾಗಿಸುವುದು ದುಬಾರಿಯ ಕೆಲಸವೂ ಹೌದು. ಒಂದು ಗ್ರಾಂ ನೀರನ್ನು 20 ಡಿಗ್ರಿಯಿಂದ ಕುದಿಯುವವರೆಗೆ ಕಾಯಿಸಲು 78 ಕ್ಯಾಲೊರಿ ಶಾಖ ಸಾಕು. ಕುದಿದ ಆ ಒಂದು ಗ್ರಾಮನ್ನು ಆವಿ ಮಾಡಲು ಸುಮಾರು 540 ಕ್ಯಾಲೊರಿ, ಎಂದರೆ ಏಳು ಪಾಲಿಗೆ ಸಮೀಪ. ಒಲೆಗೆ ತುರುಕಿದ ಹತ್ತಿಕಟ್ಟಿಗೆಯ ಬಲು ದೊಡ್ಡ ಪಾಲು ಹೀಗೆ ನೀರನ್ನು ಬೀಳ್ಕೊಡುವುದಕ್ಕೇ ವೆಚ್ಚವಾಗುತ್ತದೆ. ರೊಟ್ಟಿಯ ಮೈಯಲ್ಲಿ ನೀರಿರುವವರೆಗೆ ಅದರ ಉಷ್ಣತೆ ಕುದಿಬಿಂದುವನ್ನು ಮೀರಲಾರದು. ನೀರು ಸಂಪೂರ್ಣವಾಗಿ ತೊಲಗಿದ ಚುಕ್ಕೆಗಳಲ್ಲಿ ಮಾತ್ರ ಉಷ್ಣತೆ ಸರಸರನೆ ಏರಿ, 140 ಡಿಗ್ರಿಯ ಸುಮಾರಿಗೆ ಸಕ್ಕರೆ ಪ್ರೋಟೀನುಗಳು ಒಂದರೊಡನೊಂದು ವರ್ತಿಸಿ ಕಂದು ಬಣ್ಣವನ್ನೂ ಪರಿಮಳವನ್ನೂ ಹುಟ್ಟಿಸುತ್ತವೆ. ಫ್ರೆಂಚ್ ವಿಜ್ಞಾನಿ ಮಯ್ಯಾರನು 1912ರಲ್ಲಿ ವಿವರಿಸಿದ ವರ್ತನೆ ಇದು. ರೊಟ್ಟಿಯ ಮೇಲಿನ ಕಂದುಚುಕ್ಕೆಗಳು ನೀರು ಎಲ್ಲೆಲ್ಲಿ ಮೊದಲು ಮುಗಿಯಿತೆಂಬುದರ ನಕಾಶೆ.

ಬಿಸಿರೊಟ್ಟಿಯ ಸುಖವನ್ನು ಬಣ್ಣಿಸುವುದು ಈ ಪುಸ್ತಕದ ವಿಷಯವಲ್ಲ. ಒಂದು ಮುಟಗಿಯನ್ನು ತಿಂದವನಿಗೆ ಹೇಳಬೇಕಾಗಿಲ್ಲ, ತಿನ್ನದವನಿಗೆ ಹೇಳಿ ಉಪಯೋಗವಿಲ್ಲ. ಹಬ್ಬದ ರೊಟ್ಟಿಯ ಸಮಸ್ಯೆ ಬೇರೆ. ಅದು ಬುಟ್ಟಿಯಲ್ಲಿ ದಿನಗಟ್ಟಲೆ ನಿಲ್ಲಬೇಕು, ಓಣಿಯ ಮನೆಗಳಿಗೆ ಬೀರಲು ಹೋಗಬೇಕು, ಹೊಲಕ್ಕೂ ಹೊಳೆಗೂ ಪ್ರಯಾಣ ಮಾಡಬೇಕು. ಮೆತ್ತನೆಯ ರೊಟ್ಟಿ ಮರುದಿನಕ್ಕೆ ಬಿರುಸಾಗುವುದನ್ನು ನಾವು ಒಣಗಿತೆಂದು ಹೇಳುತ್ತೇವಾದರೂ ಕಾರಣ ಬಹುಮಟ್ಟಿಗೆ ಒಣಗುವಿಕೆಯಲ್ಲ: ನೀರು ಆರದಂತೆ ಕಟ್ಟಿಟ್ಟ ರೊಟ್ಟಿಯೂ ಹಳಸಲಾಗುತ್ತದೆಯೆಂಬುದನ್ನು ಬೂಸಿಂಗೋ ಎಂಬ ಫ್ರೆಂಚ್ ರಸಾಯನಜ್ಞನು 1852ರಲ್ಲಿಯೇ ತೋರಿಸಿದ್ದನು. ಅರಳಿದ ಪಿಷ್ಟದ ಎಳೆಗಳು ತಣ್ಣಗಿರುವಾಗ ಮತ್ತೆ ಸಾಲುಗಟ್ಟಿ ಸ್ಫಟಿಕವಾಗುವುದೇ ಅದರ ಹೇತು, ಮತ್ತು ಚಳಿ ಹೆಚ್ಚಿದಷ್ಟೂ, ನೀರು ಹೆಪ್ಪುಗಟ್ಟುವ ಅಂಚಿನವರೆಗೆ, ಆ ಕೆಲಸ ಬೇಗ ಸಾಗುತ್ತದೆ. ಹೀಗಾಗಿ ಚಳಿಗಾಲವು ಮೆತ್ತನೆಯ ರೊಟ್ಟಿಗೆ ಶತ್ರು, ಖಡಕ್ ರೊಟ್ಟಿಗೆ ಪರಮಮಿತ್ರ.

ಏಕೆಂದರೆ ಖಡಕ್ ರೊಟ್ಟಿಯಲ್ಲಿ ಈ ಸಾಲುಗಟ್ಟುವಿಕೆಗೆ ಅವಕಾಶವೇ ಇಲ್ಲ. ಬೆಂದ ರೊಟ್ಟಿಯನ್ನು ಒಲೆಯ ಸುತ್ತ ಆನಿಸಿ ನಿಲ್ಲಿಸಿ, ಅಳಿದುಳಿದ ನೀರನ್ನೂ ಹೊರಡಿಸಿಬಿಟ್ಟರೆ ಪಿಷ್ಟದ ಎಳೆಗಳು ತಾವಿದ್ದಲ್ಲಿಯೇ ಸ್ತಂಭಿಸಿ, ಸ್ಫಟಿಕವೂ ಅಲ್ಲದ ದ್ರವವೂ ಅಲ್ಲದ ಒಂದು ಸ್ಥಿತಿಯಲ್ಲಿ ನಿಲ್ಲುತ್ತವೆ. ಭೌತವಿಜ್ಞಾನವು ಇದನ್ನು ಗಾಜಿನ ಸ್ಥಿತಿ ಎನ್ನುತ್ತದೆ. ಮುರಿದಾಗ ಚಟ್ಟೆಂದು ಸಪ್ಪಳವಾಗುವುದು ಅದರ ಲಕ್ಷಣ. ಬೂಜಿನ ಬೀಜಗಳು ಮೊಳೆಯಲು ಬೇಕಾದ ತೇವವೂ ಅಲ್ಲಿರದಾದ್ದರಿಂದ ಇದು ಕೆಡುವುದೂ ಇಲ್ಲ. ಆದರೆ ಸುತ್ತಣ ಗಾಳಿ ಹಸಿಯಾಗಿದ್ದರೆ ರೊಟ್ಟಿ ಅದರಿಂದ ನೀರನ್ನು ಮರಳಿ ಸೆಳೆದುಕೊಂಡು ತೊಗಲಿನಂತೆ ಜಗ್ಗುವುದು. ಶ್ರಾವಣದ ರೊಟ್ಟಿ ಹೀಗೆ ಪಟ್ಟು ಬಿಡುವುದನ್ನು ಎಲ್ಲರೂ ಕಂಡಿದ್ದಾರೆ. ಪುಷ್ಯಮಾಸದ ಗಾಳಿಯ ಲೆಕ್ಕವೇ ಬೇರೆ. 15 ಡಿಗ್ರಿಯ ಉಷ್ಣತೆಯಲ್ಲಿ ಒಂದು ಘನಮೀಟರು ಗಾಳಿ ಹಿಡಿಯಬಲ್ಲ ನೀರಾವಿ ಸುಮಾರು 13 ಗ್ರಾಂ ಮಾತ್ರ. ಹೆಚ್ಚಿನದೆಲ್ಲ ಇಬ್ಬನಿಯಾಗಿ ಜೋಳದ ಗರಿಯ ಮೇಲೆ ಇಳಿದುಬಿಡುತ್ತದೆ. ಅದೇ ಗಾಳಿ ಮಧ್ಯಾಹ್ನ 30 ಡಿಗ್ರಿಗೆ ಕಾದಾಗ ಅದರ ಧಾರಣಶಕ್ತಿ 30 ಗ್ರಾಮಿಗೆ ಏರುತ್ತದೆ, ಆದರೆ ಅದರಲ್ಲಿರುವುದು ಬೆಳಗಿನ ಆ 13 ಗ್ರಾಮೇ. ತನ್ನ ಸಾಮರ್ಥ್ಯದ ಅರ್ಧವನ್ನೂ ತುಂಬಿಕೊಳ್ಳದ ಈ ಬಾಯಾರಿದ ಗಾಳಿ ತುಟಿಯನ್ನೂ ಹಿಮ್ಮಡಿಯನ್ನೂ ಸೀಳುವಂತೆಯೇ ರೊಟ್ಟಿಯಿಂದಲೂ ನೀರನ್ನು ಹೀರುತ್ತದೆ. ಹಬ್ಬದ ರೊಟ್ಟಿಯ ಕೊನೆಯ ಪಾಕ ನಡೆಯುವುದು ಒಲೆಯಲ್ಲಲ್ಲ, ಈ ಗಾಳಿಯಲ್ಲಿ.

ಸಂಕ್ರಮಣದ ಹಿಂದಿನ ದಿನ ಭೋಗಿ. ಅಂದು ಜೋಳವು ಹಿಂದೆ ಸರಿದು ಸಜ್ಜೆ ಮುಂದೆ ಬರುತ್ತದೆ. ಬಡಿದ ಸಜ್ಜಿರೊಟ್ಟಿಯ ಒದ್ದೆ ಮೈಮೇಲೆ ಎಳ್ಳನ್ನು ಒತ್ತಿ ಬೇಯಿಸುತ್ತಾರೆ. ಸಜ್ಜೆಯು ಉಷ್ಣ, ಆದುದರಿಂದ ಚಳಿಗೆ ಹಿತ ಎಂಬುದು ರೂಢಿಯ ವಿವರಣೆ. ಈ ವಿವರಣೆ ನನಗೆ ಸಾಲದೆನಿಸುತ್ತದೆ: ಸಜ್ಜೆಯಲ್ಲಿ ಜಿಡ್ಡು ಜೋಳಕ್ಕಿಂತ ಹೆಚ್ಚೆಂಬುದು ದಿಟವಾದರೂ, ತೂಕಕ್ಕೆ ತೂಕವಿಟ್ಟು ನೋಡಿದರೆ ಎರಡೂ ಕೊಡುವ ಶಕ್ತಿಯಲ್ಲಿ ಹೇಳಿಕೊಳ್ಳತಕ್ಕ ಭೇದವಿಲ್ಲ. ನಿಜವಾದ ಕಾರಣ ಕಾಲಮಾನದಲ್ಲಿಯೂ ಆ ಜಿಡ್ಡಿನಲ್ಲಿಯೂ ಇರುವಂತೆ ತೋರುತ್ತದೆ. ಮುಂಗಾರಿಯ ಸಜ್ಜೆ ರಾಶಿಯಾಗಿ ಆಗತಾನೆ ಮನೆಗೆ ಬಂದಿರುತ್ತದೆ. ಬೀಸಿದೊಡನೆ ಕಾಳಿನ ಮೊಳಕೆಯ ಭಾಗದಲ್ಲಿದ್ದ ಜಿಡ್ಡೂ, ಜಿಡ್ಡನ್ನು ಒಡೆಯುವ ಕಿಣ್ವವೂ ಒಂದಕ್ಕೊಂದು ಎದುರಾಗಿ, ಕೆಲವೇ ದಿನಗಳಲ್ಲಿ ಹಿಟ್ಟು ಕಮಟು ನಾರಿ ಕಹಿಯಾಗುತ್ತದೆ. ಬೇಸಗೆಯ ತಾಪದಲ್ಲಿ ಈ ಕೇಡು ಬೇಗ, ಚಳಿಯಲ್ಲಿ ನಿಧಾನ. ಹೊಸ ಕಾಳು, ಚಳಿಯ ಹವೆ, ಹಬ್ಬಕ್ಕೆಂದೇ ಬೀಸಿದ ಹಿಟ್ಟು, ಈ ಮೂರೂ ಕೂಡುವ ತಿಂಗಳು ವರ್ಷದಲ್ಲಿ ಇದೊಂದೇ.

ಎಳ್ಳಿನ ಎಣ್ಣೆಯ ಸ್ವಭಾವ ಇದಕ್ಕೆ ನೇರ ವಿರುದ್ಧ. ಕಾಳಿನ ಅರ್ಧದಷ್ಟು ತೂಕ ಎಣ್ಣೆಯೇ ಆಗಿದ್ದರೂ ಅದು ಸುಲಭವಾಗಿ ಕಮಟಾಗದು. ಹುರಿದಾಗ ಸೆಸಮೋಲಿನ್ ಎಂಬ ಘಟಕ ಒಡೆದು ಹುಟ್ಟುವ ಸೆಸಮೋಲ್, ಗಾಳಿಯ ಆಮ್ಲಜನಕವು ಎಣ್ಣೆಯ ಮೇಲೆ ಎರಗದಂತೆ ತಡೆಯುತ್ತದೆ. ಬೇಗ ಕೆಡುವ ಸಜ್ಜೆಗೆ ಕೆಡದ ಎಳ್ಳನ್ನು ಹೊದಿಸಿದುದು ಪೂರ್ವಿಕರ ರಸಾಯನಜ್ಞಾನವೆಂದು ಸಾರಿಬಿಡುವ ಉತ್ಸಾಹಿಗಳು ನಮ್ಮಲ್ಲಿ ಅನೇಕರು. ಮೇಲ್ಮೈಗೆ ಅಂಟಿದ ನಾಲ್ಕು ಕಾಳು ಒಳಗಣ ಹಿಟ್ಟನ್ನು ಕಾಯಲಾರದು. ರುಚಿಯೇ ಸಾಕಷ್ಟು ಕಾರಣವಾಗಿರುವಲ್ಲಿ ಋಷಿಗಳನ್ನು ಕರೆತರುವ ಅವಶ್ಯಕತೆ ನನಗೆ ಕಾಣದು. ಒದ್ದೆ ಹಿಟ್ಟಿಗೆ ಅಂಟಿದ ಎಳ್ಳು ಹಂಚನ್ನು ನೇರವಾಗಿ ಮುಟ್ಟುವುದರಿಂದ, ರೊಟ್ಟಿಯ ಉಳಿದ ಭಾಗ ಇನ್ನೂ ನೀರಿನ ಉಷ್ಣತೆಯಲ್ಲಿ ನಿಂತಿರುವಾಗಲೇ ಅದು ಹುರಿದು ಘಮಘಮಿಸತೊಡಗುತ್ತದೆ. ಬೇಯುವುದೂ ಹುರಿಯುವುದೂ ಒಂದೇ ಹಂಚಿನ ಮೇಲೆ, ಒಂದೇ ಕಾಲಕ್ಕೆ.

ಇನ್ನು ಕುಸುರೆಳ್ಳು. ಈಗ ಪೇಟೆಯಲ್ಲಿ ಪೊಟ್ಟಣಗಳಲ್ಲಿ ಸಿಕ್ಕುವ ಇದನ್ನು ಮನೆಯಲ್ಲಿಯೇ ಮಾಡುವವರು ವಿರಳವಾಗುತ್ತಿದ್ದರೂ, ಮಾಡುವವರ ಪಕ್ಕದಲ್ಲಿ ಕುಳಿತು ನೋಡಲೇಬೇಕಾದ ವಿದ್ಯೆ ಅದು. ಸಕ್ಕರೆಯನ್ನು ನೀರಿನಲ್ಲಿ ಕುದಿಸಿ, ಒಂದು ಚಮಚ ಹಾಲನ್ನು ಹಾಕುತ್ತಾರೆ. ಹಾಲಿನ ಪ್ರೋಟೀನು ಗರಣೆಗಟ್ಟುತ್ತ ಸಕ್ಕರೆಯ ಕೊಳೆಯನ್ನೆಲ್ಲ ತನ್ನೊಡನೆ ಸೆಳೆದುಕೊಂಡು ಮೇಲೆ ತೇಲುತ್ತದೆ, ಅದನ್ನು ಸೋಸಿ ತೆಗೆಯುತ್ತಾರೆ. ತೆಳುವಾದ ಆ ಪಾಕವನ್ನು, ಮಂದವಾದ ಕೆಂಡದ ಮೇಲಿಟ್ಟ ಪರಾತದಲ್ಲಿ ಬೆಚ್ಚಗಾಗುತ್ತಿರುವ ಎಳ್ಳಿನ ಮೇಲೆ ಹನಿಹನಿಯಾಗಿ ಬಿಟ್ಟು, ಬೆರಳ ತುದಿಗಳಿಂದ ಆಡಿಸುತ್ತಲೇ ಇರಬೇಕು. ಹನಿ ಆರಿದ ಮೇಲೆ ಇನ್ನೊಂದು ಹನಿ. ಹೀಗೆ ದಿನವೂ ಮುಂಜಾನೆಯ ಥಂಡಿಯಲ್ಲಿ ಕುಳಿತು ಮಾಡುತ್ತ ಹೋದಂತೆ ಕಾಳು ಬಿಳುಪೇರಿ, ಮೈತುಂಬ ಮುಳ್ಳೇಳುತ್ತದೆ.

ಆ ಮುಳ್ಳು ಏಳುವುದೇಕೆಂಬ ಪ್ರಶ್ನೆ ನಮ್ಮನ್ನು ಸ್ಫಟಿಕವಿಜ್ಞಾನದ ಹೃದಯಕ್ಕೇ ಒಯ್ಯುತ್ತದೆ. 20 ಡಿಗ್ರಿಯಲ್ಲಿ 100 ಗ್ರಾಂ ನೀರು ಸುಮಾರು 200 ಗ್ರಾಂ ಸಕ್ಕರೆಯನ್ನು ಕರಗಿಸಿಕೊಂಡರೆ, ಕುದಿಯುವ ನೀರು 480 ಗ್ರಾಮಿಗೂ ಮಿಕ್ಕಿ ಕರಗಿಸಿಕೊಳ್ಳುತ್ತದೆ. ಹನಿಯು ಕಾಳಿನ ಮೇಲೆ ಆರುತ್ತಲೂ ಒಣಗುತ್ತಲೂ ಬಂದಂತೆ ಹಿಡಿಸಲಾರದ ಸಕ್ಕರೆ ಹೊರಬಿದ್ದು ಸ್ಫಟಿಕವಾಗಲೇಬೇಕು, ಮತ್ತು ಅದಕ್ಕೆ ನೆಲೆಯಾಗಿ ಎಳ್ಳಿನ ಮೈ ಸಿದ್ಧವಾಗಿದೆ. ಆದರೆ ಮೈ ಎಲ್ಲೆಡೆಯೂ ಸಮವಲ್ಲ. ಎಲ್ಲಿಯೋ ಒಂದು ಕಣ ತುಸು ಮುಂಚಾಚಿಕೊಂಡಿದ್ದರೆ, ಜಾತ್ರೆಯ ಸಾಲಿನಿಂದ ಮುಂದಕ್ಕೆ ಕೈನೀಡಿದ ಹುಡುಗನಿಗೆ ಪ್ರಸಾದ ಮೊದಲು ಸಿಕ್ಕುವಂತೆ, ಹೊಸ ಪಾಕವು ಮೊದಲು ಅದಕ್ಕೇ ತಾಗುತ್ತದೆ. ಗಾಳಿ ಹೆಚ್ಚಾಗಿ ಆಡುವುದೂ ಅಲ್ಲಿಯೇ, ನೀರು ಬೇಗ ಆರುವುದೂ ಅಲ್ಲಿಯೇ. ಹೀಗೆ ಮುಂದಿದ್ದುದು ಇನ್ನೂ ಮುಂದಾಗುತ್ತ, ಹಿಂದಿದ್ದುದು ಹಿಂದೆಯೇ ಉಳಿದು, ಮುಳ್ಳು ಬೆಳೆಯುತ್ತದೆ. ಹಿಮದ ಹರಳಿನ ಆರು ಕೊಂಬೆಗಳು ಮೇಘದಲ್ಲಿ ಕವಲೊಡೆಯುವುದೂ ಇದೇ ನ್ಯಾಯದಿಂದ. ಹಿಮವನ್ನೇ ಕಾಣದ ಮುಂಡರಗಿಯ ಸೀಮೆಯಲ್ಲಿ ಹೆಂಗಸರು ಪರಾತದೊಳಗೆ ಅದರ ಸಕ್ಕರೆಯ ಬಂಧುವನ್ನು ಬೆಳೆಸುತ್ತಾರೆ. ಪಾಕ ದಪ್ಪಗಾದರೆ, ಅಥವಾ ಹವೆ ಹಸಿಯಾಗಿದ್ದರೆ, ಹನಿಯು ಆರುವ ಮೊದಲೇ ಇಡೀ ಕಾಳನ್ನು ಸುತ್ತಿಕೊಂಡು ಮುಳ್ಳಿನ ಬದಲು ನುಣ್ಣನೆಯ ಗುಂಡು ತಯಾರಾಗುವುದು, ಇಲ್ಲವೇ ಕಾಳಿಗೆ ಕಾಳು ಕಚ್ಚಿಕೊಂಡು ಗಂಟಾಗುವುದು. ಮುಳ್ಳು ಚೂಪಾಗಿದ್ದಷ್ಟೂ ಮಾಡಿದವಳ ತಾಳ್ಮೆಗೆ ಹೊಗಳಿಕೆ. ಅದರಲ್ಲಿ ಒಂದಿಷ್ಟು ಪಾಲು ಒಣಹವೆಗೂ ಸಲ್ಲತಕ್ಕದ್ದು.

ಶೇಂಗಾದ ಹೋಳಿಗೆ, ಎಳ್ಳಿನ ಹೋಳಿಗೆ, ಮಾದಲಿ, ಕರ್ಚಿಕಾಯಿಗಳ ವಿಚಾರವನ್ನು ಇಲ್ಲಿ ವಿಸ್ತರಿಸುವುದಿಲ್ಲ. ಹುರಿದು ಪುಡಿಮಾಡಿ ಬೆಲ್ಲದೊಡನೆ ಕೂಡಿಸಿದ ಹೂರಣವು ಕೆಡದಿರುವುದಕ್ಕೆ ರೊಟ್ಟಿಯಂತೆಯೇ ನೀರಿನ ಅಭಾವವೇ ಕಾರಣವೆಂದಷ್ಟು ಹೇಳಿದರೆ ಸಾಕು. ಆದರೆ ಹೊಲಕ್ಕೆ ಹೊರಟ ಬುಟ್ಟಿಯೊಳಗೆ ಒಮ್ಮೆ ಇಣಿಕಿ ನೋಡುವುದು ಉಚಿತ. ಜೋಳವು ಮೂಲತಃ ಆಫ್ರಿಕದ ಸೂಡಾನ್ ಪ್ರಾಂತದ್ದು, ಸಜ್ಜೆ ಅದೇ ಖಂಡದ ಪಶ್ಚಿಮದ್ದು. ಇವೆರಡೂ ಕ್ರಿಸ್ತಪೂರ್ವದಲ್ಲಿಯೇ ಸಮುದ್ರ ದಾಟಿ ಬಂದುವು. ಶೇಂಗಾ ದಕ್ಷಿಣ ಅಮೆರಿಕದ್ದು, ಚಟ್ನಿಯೊಳಗಿನ ಮೆಣಸಿನಕಾಯಿಯೂ ಆ ಕಡೆಯದೇ. ಇವು ಪೋರ್ಚುಗೀಸರ ಹಡಗುಗಳ ಕಾಲದ ತರುವಾಯದ ಅತಿಥಿಗಳು. ಎಳ್ಳೊಂದು ಮಾತ್ರ ನಮ್ಮ ಉಪಖಂಡದಲ್ಲಿಯೇ ಪಳಗಿದ ಕಾಳು. ಹರಪ್ಪದ ಅಗೆತದಲ್ಲಿ ಸುಟ್ಟ ಎಳ್ಳು ದೊರೆತಿದೆ. ಹಬ್ಬಕ್ಕೆ ಅದರ ಹೆಸರನ್ನೇ ಇಟ್ಟವರಿಗೆ ಈ ಇತಿಹಾಸ ಗೊತ್ತಿತ್ತೆಂದು ನಾನು ಹೇಳಲಾರೆ.

ಹೊಲದಲ್ಲಿಯೇ ನಡೆಯುವ ಇನ್ನೊಂದು ಪಾಕವುಂಟು, ಎಲ್ಲಕ್ಕಿಂತ ಪುರಾತನವಾದುದು. ಸಂಕ್ರಮಣದ ಸುಮಾರಿಗೆ ಜೋಳದ ತೆನೆ ಹಾಲು ಮುಗಿದು ಕಾಳು ಗಟ್ಟಿಯಾಗುವ ಮೊದಲಿನ ಹದಕ್ಕೆ ಬಂದಾಗ, ತಗ್ಗು ತೋಡಿ ಕುಳ್ಳಿನ ಕೆಂಡ ಮಾಡಿ, ತೆನೆಗಳನ್ನು ಅದರಲ್ಲಿ ಹುಗಿದು ಸುಟ್ಟು, ಬಡಿದು ಉದುರಿಸಿದ ಸೀತನಿಯನ್ನು ಶೇಂಗಾಚಟ್ನಿ ಬೆಲ್ಲಗಳೊಡನೆ ತಿನ್ನುತ್ತಾರೆ. ಆ ಹದದಲ್ಲಿ ಕಾಳಿನೊಳಗಿನ ಸಕ್ಕರೆ ಇನ್ನೂ ಪೂರ್ತಿಯಾಗಿ ಪಿಷ್ಟವಾಗಿ ಬದಲಾಗಿರುವುದಿಲ್ಲ, ನೀರಂತೂ ಧಾರಾಳವಾಗಿದೆ. ಪ್ರತಿಯೊಂದು ಕಾಳೂ ತನ್ನ ಸಿಪ್ಪೆಯೊಳಗೆ, ತನ್ನದೇ ನೀರಿನಲ್ಲಿ ತಾನೇ ಬೇಯುತ್ತದೆ. ಎಸರಿನ ಗೊಡವೆಯಿಲ್ಲ, ನಾದುವ ಶ್ರಮವಿಲ್ಲ. ಹತ್ತು ದಿನ ತಡವಾದರೆ ಈ ಅವಕಾಶ ಮುಗಿಯಿತು: ಸಕ್ಕರೆ ಪಿಷ್ಟವಾಗಿ, ಕಾಳು ಒಣಗಿ, ಮುಂದೆ ಅದನ್ನು ತಿನ್ನಬೇಕಾದರೆ ಬೀಸುವ ಕಲ್ಲಿನಿಂದ ಹಿಡಿದು ಹಂಚಿನವರೆಗಿನ ದೀರ್ಘಮಾರ್ಗವೇ ಗತಿ.

ಸಂಕ್ರಮಣದಂದು ತಾಲ್ಲೂಕಿನ ಜನ ರೊಟ್ಟಿಬುಟ್ಟಿಗಳೊಡನೆ ತುಂಗಭದ್ರೆಯ ದಂಡೆಗೆ, ಸಿಂಗಟಾಲೂರಿನ ವೀರಭದ್ರೇಶ್ವರನ ಸನ್ನಿಧಿಯ ಕಡೆಗೂ ಕೊರ್ಲಹಳ್ಳಿಯ ಕಡೆಗೂ ಹೋಗಿ, ಮಿಂದು, ಮರಳಿನಲ್ಲಿ ಕುಳಿತು ಉಣ್ಣುತ್ತಾರೆ. ಚಳಿ ಹಿಂದೆಗೆಯುವ ಹೊತ್ತಿಗೆ ಇದೇ ತಾಲ್ಲೂಕಿನ ಡಂಬಳದಲ್ಲಿ ತೋಂಟದಾರ್ಯ ಮಠದ ಜಾತ್ರೆ. ಅದಕ್ಕೆ ರೊಟ್ಟಿ ಜಾತ್ರೆಯೆಂದೇ ಪ್ರಸಿದ್ಧಿ: ಮನೆಮನೆಗಳಲ್ಲಿ ಮುಂಚಿತವಾಗಿ ಬಡಿದು ಒಣಗಿಸಿದ ಸಾವಿರಾರು ಖಡಕ್ ರೊಟ್ಟಿಗಳು ಮಠಕ್ಕೆ ಬಂದು ಸೇರಿ, ಕರಿಂಡಿ ಬಜ್ಜಿಗಳೊಡನೆ ಎಲ್ಲ ಜಾತಿಮತಗಳ ಜನರಿಗೂ ಒಂದೇ ಪಂಕ್ತಿಯಲ್ಲಿ ಬಡಿಸಲ್ಪಡುತ್ತವೆ. ಒಂದೇ ದಿನ ಅಷ್ಟು ಮಂದಿಗೆ ಬಿಸಿರೊಟ್ಟಿ ಬೇಯಿಸಬಲ್ಲ ಒಲೆ ಲೋಕದಲ್ಲಿಲ್ಲ; ರೊಟ್ಟಿ ಗಾಜಿನ ಸ್ಥಿತಿಯಲ್ಲಿ ದಿನಗಟ್ಟಲೆ ಕಾದು ನಿಲ್ಲಬಲ್ಲುದಾದ್ದರಿಂದಲೇ ಅಂಥ ಪಂಕ್ತಿ ಸಾಧ್ಯವಾಯಿತು.

ಈ ಸೀಮೆಯಿಂದ ಕೆಲಸ ಹುಡುಕಿಕೊಂಡು ಗೋವೆಗೂ ಮಂಗಳೂರಿಗೂ ಹೋದವರ ಗಂಟುಗಳಲ್ಲಿಯೂ ಇದೇ ರೊಟ್ಟಿ ಘಟ್ಟವಿಳಿಯುತ್ತದೆ. ಕಡಲತಡಿಯ ಗಾಳಿಯಲ್ಲಿ ಚಳಿಗಾಲದಲ್ಲಿಯೂ ತೇವ ಕಡಮೆಯಾಗುವುದಿಲ್ಲ. ಗಂಟು ಬಿಚ್ಚಿದ ರಾತ್ರಿ ಕಳೆಯುವುದರೊಳಗೆ ರೊಟ್ಟಿ ನೀರು ಕುಡಿದು ಜಗ್ಗತೊಡಗುತ್ತದೆ. ಕೆಟ್ಟಿತೆಂದು ಯಾರೂ ಅದನ್ನು ಎಸೆಯುವುದಿಲ್ಲ. ಕಾದ ಹಂಚಿನ ಮೇಲೆ ಅರೆನಿಮಿಷ ಇಟ್ಟು ತೆಗೆದರೆ, ಹೀರಿದ ನೀರು ಹಾರಿಹೋಗಿ, ಆರುತ್ತಲೇ ರೊಟ್ಟಿ ಮತ್ತೆ ಖಡಕ್ಕಾಗುತ್ತದೆ.